ವಿಡಿಯೊದಲ್ಲಿ ಚಂದ್ರ ನಿಂತಿರುತ್ತಾನೆ, ನಮ್ಮೂರಲ್ಲಿ ಮಲಗಿರುತ್ತಾನೆ

ಕಪ್ಪುಹಲಗೆ · ಜುಲೈ 17

ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸಿದರು. ಅಂದಿನಿಂದ ಭೂಮಿ, ಚಂದ್ರ, ಸೌರವ್ಯೂಹದ ಪಾಠ ಎಂದರೆ ನನಗೂ ಸುಲಭ, ಮಕ್ಕಳಿಗೂ ಹಬ್ಬ. ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ನಲವತ್ತೆರಡು ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಾರೆ.

ಕಳೆದ ವಾರ ಋತುಗಳ ಬಗ್ಗೆ ಏಳು ನಿಮಿಷದ ವಿಡಿಯೊ ತೋರಿಸಿದೆ. ಅಚ್ಚುಕಟ್ಟಾಗಿಯೇ ಇತ್ತು. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂದು ಎರಡು ಸಲ ಹೇಳಿತು. ಮರುದಿನ, ಬೇಸಿಗೆಯಲ್ಲಿ ಸೆಕೆ ಏಕೆ ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ "ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ ಟೀಚರ್" ಎಂದಿತು. ಸಂಜೆ ಕುಳಿತು ಅದೇ ವಿಡಿಯೊವನ್ನು ಮತ್ತೆ ನೋಡಿದೆ. ಮಾತಿನಲ್ಲಿ ಎಲ್ಲಿಯೂ ಹಾಗೆ ಹೇಳಿಲ್ಲ. ಆದರೆ ಚಿತ್ರದಲ್ಲಿ ಭೂಮಿಯ ಕಕ್ಷೆಯನ್ನು ಸೌತೆಕಾಯಿಯ ಹಾಗೆ ಉದ್ದಕ್ಕೆ ಎಳೆದಿದ್ದಾರೆ. ಮಕ್ಕಳು ಕಿವಿಯನ್ನು ಬಿಟ್ಟು ಕಣ್ಣನ್ನು ನಂಬಿದ್ದಾರೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಚಂದ್ರನ ಕಲೆಗಳ ವಿಡಿಯೊ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ವಿಡಿಯೊದಲ್ಲಿ ಚಂದ್ರ ನಿಂತಿರುತ್ತಾನೆ, ನಮ್ಮೂರಲ್ಲಿ ಮಲಗಿರುತ್ತಾನೆ. ಯಾಕೆ ಟೀಚರ್?" ಎಂದಳು. ಬಿದಿಗೆ, ತದಿಗೆಯ ಚಂದ್ರನ ಬಗ್ಗೆ ಅವಳ ಮಾತು. ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ಆ ನಾಳೆ ಬಂದು ಐದು ದಿನವಾಯಿತು.

ಇಂಥ ಪಾಠಗಳಿಗೆ ನೀವು ಯಾವ ವಿಡಿಯೊ ತೋರಿಸುತ್ತೀರಿ, ಹೇಗೆ ತೋರಿಸುತ್ತೀರಿ? ತೋರಿಸುವುದೇ ಬೇಡ ಎನ್ನುವವರಿದ್ದರೆ ಅದನ್ನೂ ಹೇಳಿ.

ಬೆಳ್ಳಿಚುಕ್ಕಿ · ಜುಲೈ 17

ಮೇಡಂ, ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ದೂರದರ್ಶಕ ಹೊತ್ತು ಶಾಲೆಯಿಂದ ಶಾಲೆಗೆ ತಿರುಗುತ್ತಿರುವವನು ನಾನು. ಇಷ್ಟು ಸರಿಯಾದ ಪ್ರಶ್ನೆ ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು.

ಚಂದ್ರನ ಬೆಳಗಿದ ಮಗ್ಗುಲು ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ನಮ್ಮಲ್ಲಿ ಸೂರ್ಯ ಮುಳುಗುವಾಗ ಹೆಚ್ಚು ಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಸಂಜೆಯ ಎಳೆಚಂದ್ರ ಅವನ ನೆತ್ತಿಯ ಮೇಲೆಯೇ ಇರುತ್ತಾನೆ, ಹಾಗಾಗಿ ಬೆಳಕು ಬೀಳುವುದು ಚಂದ್ರನ ಅಡಿಗೆ. ಅದಕ್ಕೇ ದೋಣಿಯ ಆಕಾರ. ಯುರೋಪಿನಂಥ ಕಡೆ ಸೂರ್ಯ ಓರೆಯಾಗಿ ಜಾರಿ ಮುಳುಗುತ್ತಾನೆ, ಚಂದ್ರ ಅವನ ಪಕ್ಕಕ್ಕೆ ಬರುತ್ತಾನೆ, ಬೆಳಕು ಪಕ್ಕದಿಂದ ಬೀಳುತ್ತದೆ, ಕುಡುಗೋಲು ಎದ್ದು ನಿಲ್ಲುತ್ತದೆ. ವಿಡಿಯೊ ಮಾಡಿದವರು ಅವರ ಅಂಗಳದ ಚಂದ್ರನನ್ನು ಬರೆದಿದ್ದಾರೆ. ತಪ್ಪು ಅವರದಲ್ಲ. ನಮ್ಮ ಕನ್ನಡ ಪಠ್ಯಗಳ ಚಿತ್ರಗಳಲ್ಲಿಯೂ ಅದೇ ನಿಂತ ಚಂದ್ರ ಇದ್ದಾನೆ ಎಂಬುದಕ್ಕೆ ಮಾತ್ರ ನಾವು ತಲೆ ತಗ್ಗಿಸಬೇಕು.

ಇನ್ನೊಂದು ಸ್ವಾರಸ್ಯ. ನಮ್ಮಲ್ಲಿಯೂ ಅವನು ವರ್ಷವಿಡೀ ಒಂದೇ ಭಂಗಿಯಲ್ಲಿ ಮಲಗಿರುವುದಿಲ್ಲ. ಯುಗಾದಿಯ ಚಂದ್ರನನ್ನು ನೋಡಲು ಮನೆಮಂದಿಯೆಲ್ಲ ಮಾಳಿಗೆ ಹತ್ತುತ್ತೇವಲ್ಲ, ಆಗ ಅವನು ಪಕ್ಕಾ ದೋಣಿ. ಭಾದ್ರಪದದ ಚೌತಿಯ ಹೊತ್ತಿಗೆ ಅದೇ ದೋಣಿ ಸಾಕಷ್ಟು ವಾಲಿಕೊಂಡಿರುತ್ತದೆ. ಚೌತಿಯ ಚಂದ್ರನನ್ನು ನೋಡಬಾರದು ಎಂದು ಮನೆಯಲ್ಲಿ ಹೇಳುತ್ತಾರೆ, ಆದ್ದರಿಂದ ಮಕ್ಕಳು ಕದ್ದಾದರೂ ನೋಡಿಯೇ ಇರುತ್ತಾರೆ. ಕೇಳಿ ನೋಡಿ.

ಸೌತೆಕಾಯಿ ಕಕ್ಷೆಗೆ ಮದ್ದು ಇಲ್ಲಿದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರವಿರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ಸೂರ್ಯ ಹತ್ತಿರವಾದಾಗಲೇ ನಾವು ಕಂಬಳಿ ಹೊದೆಯುತ್ತೇವೆ. ಹತ್ತು ಸೆಂಟಿಮೀಟರ್ ತ್ರಿಜ್ಯದಲ್ಲಿ ಭೂಮಿಯ ಕಕ್ಷೆಯನ್ನು ಬರೆಯಲು ಹೇಳಿದರೆ ಕಂಪಾಸಿನಲ್ಲಿ ವೃತ್ತ ಎಳೆದರೆ ಸಾಕು. ಅದಕ್ಕೂ ನಿಜವಾದ ದೀರ್ಘವೃತ್ತಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯೊಳಗೆ ಮುಚ್ಚಿಹೋಗುತ್ತದೆ. ಸೂರ್ಯನನ್ನು ಮಾತ್ರ ನಡುವಿನಿಂದ ಒಂದೂವರೆ ಎರಡು ಮಿಲಿಮೀಟರ್ ಸರಿಸಿ ಇಡಬೇಕು.

ಹಳೇಗಂಟೆ · ಜುಲೈ 18

ನಿವೃತ್ತ ಮುಖ್ಯೋಪಾಧ್ಯಾಯ ನಾನು. ಟಿವಿ ಬೇಡ ಎನ್ನುವವರಿದ್ದರೆ ಹೇಳಿ ಎಂದಿರಿ, ಅದಕ್ಕೆ ಹೇಳುತ್ತಿದ್ದೇನೆ.

1980ರ ಫೆಬ್ರುವರಿ 16. ಪೂರ್ಣ ಸೂರ್ಯಗ್ರಹಣದ ಪಟ್ಟಿ ಅಂಕೋಲಾದ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ನಾನಾಗ ಹುಬ್ಬಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಹೈಸ್ಕೂಲು ಹುಡುಗ. ದೇಶ ವಿದೇಶಗಳ ವಿಜ್ಞಾನಿಗಳು ಉಪಕರಣ ಹೊತ್ತು ನಮ್ಮ ಸೀಮೆಗೆ ಬಂದಿದ್ದರು. ನಮ್ಮನ್ನು ಮಾತ್ರ ಒಳಗೆ ಕೂಡಿ, ಕಿಟಕಿಗೆ ಗೋಣಿಚೀಲ ಬಡಿದಿದ್ದರು. ಮಟಮಟ ಹಗಲಲ್ಲಿ ಕೋಳಿ ಗೂಡು ಸೇರುವ ಸದ್ದು ಕೇಳಿಸಿತು. ಅಷ್ಟೇ ನನ್ನ ಪೂರ್ಣಗ್ರಹಣ. ಈ ವಯಸ್ಸಿನಲ್ಲಿಯೂ ಆ ಗೋಣಿಚೀಲದ ಮೇಲಿನ ಸಿಟ್ಟು ಆರಿಲ್ಲ.

2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ. ನಾನು ಅಲ್ಲಿಯೇ ಮಗನ ಮನೆಯಲ್ಲಿದ್ದೆ. ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ನಿಂತೆ. ಸುತ್ತಮುತ್ತಲ ಮನೆಗಳಲ್ಲಿ ಬಾಗಿಲು ಮುಚ್ಚಿ, ತಮ್ಮ ತಲೆಯ ಮೇಲೆಯೇ ನಡೆಯುತ್ತಿದ್ದ ಗ್ರಹಣವನ್ನು ಟಿವಿಯಲ್ಲಿ ನೇರಪ್ರಸಾರ ನೋಡುತ್ತಿದ್ದರು. ಗೋಣಿಚೀಲದ ಜಾಗಕ್ಕೆ ಟಿವಿ ಬಂದಿದೆ, ಇಷ್ಟೇ ಪ್ರಗತಿ.

ಒಂದು ನಿಂಬೆಹಣ್ಣು, ಒಂದು ಲಾಟೀನು, ಒಂದು ಗೋಡೆ. ಚಂದ್ರನ ಪಾಠಕ್ಕೆ ಇನ್ನೇನು ಬೇಕು?

ಗಾಂಧಿಬಜಾರ್ ಅಪ್ಪ · ಜುಲೈ 18

ನನ್ನ ಮಗಳಿಗೆ ಎಂಟು ವರ್ಷ. ಕಪ್ಪುಕುಳಿಯ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲಳು. ಮೊನ್ನೆ, ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರೆ "ಲಿಫ್ಟ್ ಕಡೆಗೆ" ಎಂದಳು.

ಹೆಚ್ಚು ಕಾಡುವುದು ಒಳ್ಳೆಯ ವಿಡಿಯೊ ಮುಗಿದ ಮೇಲೆ ತಾನಾಗಿಯೇ ಶುರುವಾಗುವ ಮುಂದಿನ ವಿಡಿಯೊ. ಶನಿಯ ಬಳೆಗಳಿಂದ ಹೊರಟವಳು ಅರ್ಧ ಗಂಟೆಯಲ್ಲಿ "ಮುಂದಿನ ವಾರ ಭೂಮಿಗೆ ಅಪ್ಪಳಿಸಲಿದೆ ಕ್ಷುದ್ರಗ್ರಹ" ಎಂಬಲ್ಲಿಗೆ ತಲುಪಿ, ರಾತ್ರಿ ನಿದ್ದೆ ಬಾರದೆ ಎದ್ದು ಬಂದಳು. ಈಗ ಡೌನ್‌ಲೋಡ್ ಮಾಡಿಕೊಟ್ಟದ್ದನ್ನು ಮಾತ್ರ ನೋಡುತ್ತಾಳೆ. ಹಳೇಗಂಟೆ ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಾಟೀನೂ ಇಲ್ಲ, ಕತ್ತಲೆಯೂ ಇಲ್ಲ.

ಚೌಕಟ್ಟು · ಜುಲೈ 19

ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನದ ವಿಡಿಯೊ ಮಾಡುವುದು ನನ್ನ ಹೊಟ್ಟೆಪಾಡು. ಹೀಗಾಗಿ ಇದು ತಪ್ಪೊಪ್ಪಿಗೆಯೂ ಹೌದು, ವಕಾಲತ್ತೂ ಹೌದು.

ಸೌತೆಕಾಯಿ ಕಕ್ಷೆ ಹುಟ್ಟುವುದು ಹೀಗೆ. ಊಟದ ತಟ್ಟೆಯನ್ನು ಮೇಲಿನಿಂದ ನೋಡಿದರೆ ವೃತ್ತ, ಓರೆಯಾಗಿ ನೋಡಿದರೆ ಚಪ್ಪಟೆ. ಕಕ್ಷೆಯನ್ನು ಮೇಲಿನಿಂದ ತೋರಿಸಿದರೆ ಅಕ್ಷದ ವಾಲಿಕೆ ಕಾಣುವುದಿಲ್ಲ. ವಾಲಿಕೆ ಕಾಣಿಸಲು ಓರೆಯಾಗಿ ತೋರಿಸುತ್ತೇವೆ, ಆಗ ವೃತ್ತ ಚಪ್ಪಟೆಯಾಗುತ್ತದೆ. ಒಂದು ಸತ್ಯ ಹೇಳಲು ಹೋಗಿ ಇನ್ನೊಂದನ್ನು ಕೆಡಿಸುತ್ತೇವೆ. ದೊಡ್ಡವರ ಮೆದುಳು ಇದನ್ನು ಸರಿಪಡಿಸಿಕೊಳ್ಳುತ್ತದೆ, ಆರನೇ ತರಗತಿಯ ಮಗು ಕಂಡದ್ದನ್ನೇ ತೆಗೆದುಕೊಳ್ಳುತ್ತದೆ. ಮೇಡಂ ಬರೆದದ್ದನ್ನು ಓದಿ ನನ್ನದೇ ಮೂರು ವಿಡಿಯೊ ತೆರೆದು ನೋಡಿದೆ. ಮೂರರಲ್ಲಿಯೂ ಸೌತೆಕಾಯಿಯೇ.

ಅಳತೆಯದು ಇನ್ನೂ ದೊಡ್ಡ ತಲೆನೋವು. ಭೂಮಿಯನ್ನು ಒಂದು ಸೆಂಟಿಮೀಟರ್, ಅಂದರೆ ದೊಡ್ಡ ಕಡಲೆಕಾಳು ಎಂದುಕೊಳ್ಳಿ. ಚಂದ್ರ ಸಾಸಿವೆಗಿಂತ ತುಸು ದೊಡ್ಡದು, ಇರಬೇಕಾದದ್ದು ಮೂವತ್ತು ಸೆಂಟಿಮೀಟರ್ ಆಚೆ. ಸೂರ್ಯ ಒಂದು ಮೀಟರಿಗಿಂತ ದೊಡ್ಡ ಚೆಂಡು, ಇರಬೇಕಾದದ್ದು 117 ಮೀಟರ್ ದೂರದಲ್ಲಿ. ಯಾವ ಪರದೆಯಲ್ಲಿ ಇದನ್ನು ಕೂರಿಸಲಿ? ಅದಕ್ಕೆ ಚಂದ್ರನನ್ನು ಭೂಮಿಯ ಹೆಗಲ ಮೇಲೆ ಕೂರಿಸುತ್ತೇವೆ, ಕೆಳಗೆ "ಅಳತೆಗೆ ತಕ್ಕಂತಿಲ್ಲ" ಎಂದು ಇರುವೆ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತೇವೆ. ಚಂದ್ರ ಅಷ್ಟು ಹತ್ತಿರವಿದ್ದರೆ ಪ್ರತಿ ಹುಣ್ಣಿಮೆಗೂ ಗ್ರಹಣವಾಗಬೇಕು ಎಂದು ಮಗುವಿಗೆ ಅನ್ನಿಸುವುದು ಸಹಜ. ಅಳತೆಯ ಪಾಠವನ್ನು ಪರದೆಯ ಮೇಲೆ ಮಾಡಬೇಡಿ, ಶಾಲೆಯ ಮೈದಾನದಲ್ಲಿ ಮಾಡಿ. ಒಬ್ಬಳ ಕೈಯಲ್ಲಿ ಕಡಲೆ ಕೊಟ್ಟು ಧ್ವಜಸ್ತಂಭದ ಬಳಿ ನಿಲ್ಲಿಸಿ, ಸೂರ್ಯನನ್ನು ಗೇಟಿನಾಚೆ ಕಳಿಸಿ.

ಈಗ ವಕಾಲತ್ತು. ಗೋಡೆ, ಲಾಟೀನು, ನಿಂಬೆಹಣ್ಣಿಗೆ ಸಾಧ್ಯವಿಲ್ಲದ್ದು ಕೆಲವಿವೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಗಾಳಿಯಿಲ್ಲದ ಜಾಗ, ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಒಂದು ನಿಮಿಷವೂ ಇಲ್ಲದ, ಮಸುಕಾದ ದೃಶ್ಯ. ಅದನ್ನು ಬೇರೆ ಹೇಗೆ ತೋರಿಸುತ್ತೀರಿ? ತೋರಿಸುವ ಮೊದಲು ತರಗತಿಯಲ್ಲಿ ಕೋಳಿಯ ಗರಿ ಮತ್ತು ಕಲ್ಲನ್ನು ಬೀಳಿಸಿ, ಚಂದ್ರನ ಮೇಲೆ ಏನಾಗುತ್ತದೆ ಎಂದು ಕೈ ಎತ್ತಿಸಿ. ಪಣ ಕಟ್ಟಿದವರು ನೋಡುವ ರೀತಿಯೇ ಬೇರೆ.

ಮತ್ತೊಂದು ಮಾತು. ನಿಜ ದೃಶ್ಯ ಯಾವುದು, ಕಂಪ್ಯೂಟರಿನಲ್ಲಿ ಬರೆದದ್ದು ಯಾವುದು ಎಂದು ಮಕ್ಕಳಿಗೆ ಹೇಳಿ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದದ್ದನ್ನು ಎಲ್ಲರೂ ನೇರಪ್ರಸಾರದಲ್ಲಿ ನೋಡಿದೆವು. ಪರದೆಯ ಮೇಲೆ ಇಳಿಯುತ್ತಿದ್ದ ನೌಕೆ ಮಾತ್ರ ಅನಿಮೇಶನ್. ಅದನ್ನು ಪಕ್ಕದಲ್ಲಿ ನಿಂತು ಚಿತ್ರೀಕರಿಸಲು ಅಲ್ಲಿ ಯಾರಿದ್ದರು? ನೌಕೆಯ ಕ್ಯಾಮೆರಾ ಇಳಿಯುವಾಗ ಕಂಡ ನಿಜವಾದ ನೆಲವನ್ನು ಇಸ್ರೊ ಆಮೇಲೆ ಬಿಡುಗಡೆ ಮಾಡಿತು. ಎರಡನ್ನೂ ಪಕ್ಕಪಕ್ಕ ಹಾಕಿ, ಕ್ಯಾಮೆರಾ ಎಲ್ಲಿದೆ ಎಂದು ಕೇಳಿ. ಈ ಒಂದು ಪ್ರಶ್ನೆ ರೂಢಿಯಾದರೆ ಗಾಂಧಿಬಜಾರಿನ ಮಗುವಿಗೆ ಕ್ಷುದ್ರಗ್ರಹದ ಭಯವೂ ಅರ್ಧ ಇಳಿಯುತ್ತದೆ.

ಹಳೇಗಂಟೆ · ಜುಲೈ 19

ಗರಿ ಮತ್ತು ಸುತ್ತಿಗೆಯ ವಿಡಿಯೊವನ್ನು ಈಗಷ್ಟೇ ನೋಡಿದೆ. ಮೂರು ಸಲ. ಸರಿ, ಟಿವಿ ಇರಲಿ.

ಕಲ್ಲುಬಂಡೆ · ಜುಲೈ 20

ಎಲ್ಲರೂ ಆಕಾಶವನ್ನೇ ಹಿಡಿದುಕೊಂಡಿದ್ದೀರಿ. ಕಾಲಡಿಯ ನೆಲಕ್ಕೂ ಒಂದು ಮಾತು ಇರಲಿ. ಭೂವಿಜ್ಞಾನ ಓದಿದವನು, ಚಿತ್ರದುರ್ಗದವನು.

ಭೂಮಿಯ ಒಳರಚನೆಯ ಯಾವ ವಿಡಿಯೊ ತೆರೆದರೂ ಭೂಕವಚದ ಕೆಳಗೆ ಕೆಂಪಗೆ ಕುದಿಯುವ ಸಾರು. ಮಕ್ಕಳ ತಲೆಯಲ್ಲಿ ಭೂಮಿ ಎಂದರೆ ಲಾವಾ ತುಂಬಿದ ತೆಂಗಿನಕಾಯಿ. ಭೂಕವಚದ ಕೆಳಗಿನ ಆ ದಪ್ಪ ಪದರ, ಅಂದರೆ ಮ್ಯಾಂಟಲ್, ದ್ರವವಲ್ಲ, ಗಟ್ಟಿ ಬಂಡೆ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯುವ ಗಟ್ಟಿ ಬಂಡೆ. ಕರಗುವುದು ಅಲ್ಲಲ್ಲಿ, ಸ್ವಲ್ಪ ಸ್ವಲ್ಪ. ಭೂಕಂಪದ ಒಂದು ಬಗೆಯ ಅಲೆ ದ್ರವದಲ್ಲಿ ಸಾಗುವುದಿಲ್ಲ. ಅದು ಮ್ಯಾಂಟಲ್ ಮೂಲಕ ಸಾಗುತ್ತದೆ, ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಹೊರ ಕೇಂದ್ರಗೋಳ ಸಿಕ್ಕಾಗ ನಿಂತುಬಿಡುತ್ತದೆ. ದ್ರವ ಇರುವುದು ಅಲ್ಲಿ. ನೋಡಲಾಗದ ಜಾಗವನ್ನು ಮನುಷ್ಯ ಹೇಗೆ ತಿಳಿದುಕೊಂಡ ಎಂಬುದೇ ಇಲ್ಲಿನ ಕಥೆ. ಆ ಕಥೆ ಬಿಟ್ಟು ಬರೀ ಬಣ್ಣ ತೋರಿಸುತ್ತಾರೆ.

ಕೋಲಾರದ ಚಿನ್ನದ ಗಣಿಯನ್ನು ಪಾಠಕ್ಕೆ ತನ್ನಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಆ ಆಳದಲ್ಲಿ ಬಂಡೆಯೇ ಬಿಸಿ, ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸದೆ ಕೆಲಸ ಸಾಗುತ್ತಿರಲಿಲ್ಲ. ಭೂಮಿಯ ಕೇಂದ್ರಕ್ಕೆ 6,371 ಕಿಲೋಮೀಟರ್. ಕಪ್ಪುಹಲಗೆಯ ಮೇಲೆ ಒಂದು ಮೀಟರ್ ತ್ರಿಜ್ಯದಲ್ಲಿ ಭೂಮಿಯನ್ನು ಬರೆದರೆ ಆ ಗಣಿಯ ಆಳ ಅರ್ಧ ಮಿಲಿಮೀಟರ್. ಸೀಮೆಸುಣ್ಣದ ಗೆರೆಯೇ ಅದಕ್ಕಿಂತ ದಪ್ಪ.

ಜ್ವಾಲಾಮುಖಿ ಎಂದರೆ ಹವಾಯಿ, ಐಸ್‌ಲ್ಯಾಂಡ್ ತೋರಿಸುತ್ತಾರೆ. ತೋರಿಸಲಿ. ನೀರಿನಡಿಯಲ್ಲಿ ಉಕ್ಕಿದ ಲಾವಾ ದಿಂಬಿನ ಆಕಾರಕ್ಕೆ ಗಟ್ಟಿಯಾಗುವ ವಿಡಿಯೊಗಳೂ ಸಿಗುತ್ತವೆ, ಬಹಳ ಚೆನ್ನಾಗಿವೆ. ಅದನ್ನು ತೋರಿಸಿದ ಮೇಲೆ, ಅದೇ ದಿಂಬುಗಳು ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಕಲ್ಲಾಗಿ ಕುಳಿತಿವೆ ಎಂದು ಹೇಳಿ. ಸುಮಾರು 250 ಕೋಟಿ ವರ್ಷ ಹಳೆಯವು. ಅಂದರೆ ಒಂದು ಕಾಲಕ್ಕೆ ಅಲ್ಲಿ ನೀರಿತ್ತು! ಬಯಲುಸೀಮೆಯ ಮಗುವಿಗೆ ಇದನ್ನು ಹೇಳಿ ಅದರ ಮುಖ ನೋಡಬೇಕು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋದ ಕಾಲದ್ದು. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದೆ, ಸುಮಾರು 300 ಕೋಟಿ ವರ್ಷದ್ದು. ಅದರ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಾರೆ. ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು.

ಗಾಂಧಿಬಜಾರ್ ಅಪ್ಪ · ಜುಲೈ 20

ಲಾಲ್‌ಬಾಗ್ ನಮ್ಮ ಮನೆಯಿಂದ ಹತ್ತು ನಿಮಿಷ. ಕಡಲೆಕಾಯಿ ತಿಂದವರಲ್ಲಿ ನಾನೂ ಒಬ್ಬ. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ.

ಎರೆಹೊಲ · ಜುಲೈ 21

ನಾನು ಮೇಷ್ಟ್ರಲ್ಲ, ರೈತ. ನಿಮ್ಮ ಮಾತುಗಳನ್ನು ಓದುತ್ತ ಒಂದು ಸಂಗತಿ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಲೆಕ್ಕವೆಲ್ಲ ಮಳೆ ನಕ್ಷತ್ರದ ಮೇಲೆ. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎನ್ನುತ್ತೇವೆ. ನಿನ್ನೆಯಿಂದ ಪುಷ್ಯ ಹಿಡಿದಿದೆ. ಮಗ ಮೊಬೈಲಿನಲ್ಲಿ ನಕ್ಷತ್ರದ ವಿಡಿಯೊ ನೋಡಿ, "ಅಪ್ಪಾ, ರೋಹಿಣಿ ಚಳಿಗಾಲದ ರಾತ್ರಿ ಕಾಣುವ ನಕ್ಷತ್ರವಂತೆ, ನೀನು ಮಳೆ ಎನ್ನುತ್ತೀಯಲ್ಲ" ಎಂದು ನಗುತ್ತಾನೆ. ಯಾರದು ಸರಿ?

ಬೆಳ್ಳಿಚುಕ್ಕಿ · ಜುಲೈ 21

ಗೌಡರೇ, ಇಬ್ಬರದೂ ಸರಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ವಿಡಿಯೊದಲ್ಲಿಯೂ ಸಿಗಲಾರದು.

ಡಿಸೆಂಬರ್ ಮೊದಲ ವಾರ ಸಂಜೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಕೆಂಪಗಿನ ರೋಹಿಣಿ ಏರಿ ಬರುತ್ತದೆ, ರಾತ್ರಿಯಿಡೀ ಇರುತ್ತದೆ. ಏಕೆಂದರೆ ಆಗ ಭೂಮಿಯ ಒಂದು ಕಡೆ ಸೂರ್ಯ, ಅದರ ವಿರುದ್ಧ ಕಡೆ ರೋಹಿಣಿ. ಆರು ತಿಂಗಳು ಕಳೆದು ಭೂಮಿ ಸೂರ್ಯನ ಆ ಮಗ್ಗುಲಿಗೆ ಹೋದಾಗ, ನಮ್ಮ ಕಣ್ಣಿಗೆ ಸೂರ್ಯ ರೋಹಿಣಿಯ ಮುಂದೆ ನಿಂತಂತಾಗುತ್ತದೆ. ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಆ ಹದಿಮೂರು ಹದಿನಾಲ್ಕು ದಿನವೇ ನಿಮ್ಮ ರೋಹಿಣಿ ಮಳೆ. ಇಪ್ಪತ್ತೇಳು ನಕ್ಷತ್ರಗಳ ಸುತ್ತು ಮುಗಿದರೆ ಒಂದು ವರ್ಷ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ನಿಮ್ಮ ಹೊಲದಲ್ಲಿಯೇ ಕ್ಯಾಲೆಂಡರ್ ಇದೆ. ಮಗನಿಗೆ ಸ್ಟೆಲೇರಿಯಮ್ ಎಂಬ ತಂತ್ರಾಂಶ ಹಾಕಿಕೊಡಿ, ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಗಾಳಿಯ ಪದರವನ್ನು ತೆಗೆದುಹಾಕಿದರೆ ಹಗಲಿನಲ್ಲಿಯೂ ಸೂರ್ಯನ ಹಿಂದಿನ ನಕ್ಷತ್ರ ಕಾಣುತ್ತದೆ.

ಹಳೇಗಂಟೆ · ಜುಲೈ 21

ಒಂದು ಎಚ್ಚರಿಕೆ. ನಕ್ಷತ್ರಕ್ಕೆ ಕ್ಯಾಲೆಂಡರ್ ಎಂದರೆ ಒಪ್ಪುತ್ತೇನೆ. ನಕ್ಷತ್ರವೇ ಮಳೆ ತರುತ್ತದೆ ಎಂದು ಮಕ್ಕಳು ತಿಳಿದರೆ ನಾಳೆ ಜಾತಕವನ್ನೂ ವಿಜ್ಞಾನದ ಅವಧಿಯಲ್ಲಿ ಕೇಳುತ್ತಾರೆ. ನನ್ನ ಕಿಟಕಿಗೆ ಗೋಣಿಚೀಲ ಬಡಿದದ್ದೂ ಪಂಚಾಂಗ ನೋಡಿಯೇ.

ಎರೆಹೊಲ · ಜುಲೈ 21

ಗುರುಗಳೇ, ನಕ್ಷತ್ರ ಮಳೆ ತರುವುದಿಲ್ಲ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೆ ರೋಹಿಣಿ ಕೈಕೊಟ್ಟಾಗ ಬಿತ್ತಿದ ಬೀಜ ಮಣ್ಣಿನಲ್ಲಿಯೇ ಹುರಿದು ಹೋಗಿದೆ.

ದಕ್ಷಿಣದಾಚೆ · ಜುಲೈ 23

ಮೆಲ್ಬರ್ನ್‌ನಿಂದ ಬರೆಯುತ್ತಿದ್ದೇನೆ. ನನ್ನ ಮಗ ಹುಟ್ಟಿದ್ದು ಇಲ್ಲಿಯೇ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಅವನಿಗೆ ಹೇಳಿದೆ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೂ ಮೊಮ್ಮಗನಿಗೂ ಈಗ ಒಂದು ಆಟ. ಒಂದೇ ದಿನದ ಸಂಜೆ ಇಬ್ಬರೂ ಚಂದ್ರನನ್ನು ನೋಡಿ ಕಾಗದದ ಮೇಲೆ ಬರೆಯುತ್ತಾರೆ, ಆಮೇಲೆ ವಿಡಿಯೊ ಕರೆಯಲ್ಲಿ ತೋರಿಸಿಕೊಳ್ಳುತ್ತಾರೆ. ಅಮ್ಮನ ಚಂದ್ರ ಕೆಳಗೆ ಮತ್ತು ಬಲಕ್ಕೆ ಬೆಳಗಿರುತ್ತಾನೆ, ಮಗನ ಚಂದ್ರ ಎಡಕ್ಕೆ. "ಅಜ್ಜಿ ತಪ್ಪು ಬರೆದಿದ್ದಾರೆ" ಎಂದು ಮೊದಲ ದಿನ ಜಗಳವೇ ಆಯಿತು. ಕೊನೆಗೆ ನಿಂಬೆಹಣ್ಣಿಗೆ ಮುಖ ಬರೆದು ಮೇಜಿನ ಮೇಲಿಟ್ಟು, ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಬಗ್ಗಿ ನೋಡಿ ಎಂದೆ. ಆಗ ಹೊಳೆಯಿತು.

ಇಲ್ಲಿ ಮಧ್ಯಾಹ್ನದ ಸೂರ್ಯ ಸದಾ ಉತ್ತರಕ್ಕೆ. ಉತ್ತರಾರ್ಧಗೋಳದಲ್ಲಿ ಮಾಡಿದ ವಿಡಿಯೊಗಳಲ್ಲಿ ಸದಾ ದಕ್ಷಿಣಕ್ಕೆ. ಊರಿನಲ್ಲಿ ಯಾವ ಕಡೆಗಿರುತ್ತಾನೆ? ನಾಚಿಕೆಯ ಮಾತು, ಇಪ್ಪತ್ತೈದು ವರ್ಷ ಅಲ್ಲಿದ್ದೂ ನಾನು ಗಮನಿಸಿಲ್ಲ.

ಬೆಳ್ಳಿಚುಕ್ಕಿ · ಜುಲೈ 23

ಎರಡೂ ಕಡೆ! ಕರ್ನಾಟಕ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಭೂಮಧ್ಯರೇಖೆಗೂ ನಡುವೆ. ವರ್ಷದಲ್ಲಿ ಎರಡು ದಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಇದೇ ಶೂನ್ಯ ನೆರಳಿನ ದಿನ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಉಳಿದಂತೆ ದಕ್ಷಿಣಕ್ಕೆ. ನಮ್ಮ ಬೇಸಿಗೆ ಏಪ್ರಿಲ್–ಮೇ ತಿಂಗಳಿನಲ್ಲಿ ತಾರಕಕ್ಕೇರಿ ಜೂನಿನಲ್ಲಿ ಇಳಿಯುವುದೂ ಇದರಿಂದಲೇ ಅರ್ಥವಾಗುತ್ತದೆ: ಆಗ ಸೂರ್ಯ ನೆತ್ತಿಯಲ್ಲಿ, ಆಕಾಶ ಖಾಲಿ. ಜೂನಿನಲ್ಲಿ ಮೋಡ ಅಡ್ಡ ಬರುತ್ತದೆ. ವಿಡಿಯೊದ ಎಲೆ ಉದುರುವ ಕಾಲ, ಹಿಮದ ಕಾಲ ನಮ್ಮ ಮಕ್ಕಳಿಗೆ ಕಥೆ. ಮಳೆಗಾಲ, ಚಳಿಗಾಲ, ಬೇಸಿಗೆ ಅವರ ಅನುಭವ.

ಕಪ್ಪುಹಲಗೆ ಮೇಡಂ, ನಿಮ್ಮ ಹಾವೇರಿಗೆ ಆ ದಿನ ಆಗಸ್ಟ್ 12ರ ಆಸುಪಾಸು ಬರುತ್ತದೆ. ಒಂದು ಮೀಟರಿನ ಕಬ್ಬಿಣದ ಸರಳು ನೆಡಿ. ಸರಳು ಒಂದು ಡಿಗ್ರಿ ವಾಲಿದರೂ ಲೆಕ್ಕ ಕೆಟ್ಟಿತು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ಗುಂಡನ್ನು ತರಿಸಿಕೊಳ್ಳಿ. ನೋಡಬೇಕಾದ ಹೊತ್ತು ಹನ್ನೆರಡಲ್ಲ, 12 ಗಂಟೆ 33 ನಿಮಿಷ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯದಂತೆ. ಹಾವೇರಿ ಅದಕ್ಕಿಂತ ಏಳು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಉಳಿದ ಐದು ನಿಮಿಷಕ್ಕೆ ಕಾರಣ ಭೂಮಿಯ ನಡಿಗೆಯ ಏರುಪೇರು, ಅದನ್ನು ಹೈಸ್ಕೂಲಿಗೆ ಬಿಡಿ.

ಗುಡ್ಡದಶಾಲೆ · ಜುಲೈ 24

ಉತ್ತರ ಕನ್ನಡದ ಏಕೋಪಾಧ್ಯಾಯ ಶಾಲೆಯಿಂದ. ನಮ್ಮಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನೂ ಇಲ್ಲ, ಕರೆಂಟೂ ಇಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾ ತೆರೆಯಬೇಕು, ಅದಕ್ಕೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕು. ಹಾಗಾಗಿ ಇಡೀ ವರ್ಷಕ್ಕೆ ಬೇಕಾದದ್ದನ್ನು ಶಿರಸಿಗೆ ಹೋದಾಗ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ. ಹೆಚ್ಚಿಲ್ಲ, ಹನ್ನೊಂದು ವಿಡಿಯೊ.

ನಾನು ಮಾಡುವುದು ಇಷ್ಟು. ಮೊದಲ ಸಲ ದನಿ ಆರಿಸಿ ಹಾಕುತ್ತೇನೆ. ಏನು ನಡೆಯುತ್ತಿದೆ ಎಂದು ಮಕ್ಕಳೇ ಹೇಳಬೇಕು. ಕ್ರಿಕೆಟ್ ವೀಕ್ಷಕ ವಿವರಣೆಯ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಾರೆ. ತಪ್ಪು ತಿಳಿವಳಿಕೆಯೆಲ್ಲ ಅಲ್ಲಿಯೇ ಹೊರಗೆ ಬರುತ್ತದೆ. ಮರುದಿನ ದನಿಯೊಂದಿಗೆ ಹಾಕಿದಾಗ ತಾವು ಹೇಳಿದ್ದಕ್ಕೂ ಇದಕ್ಕೂ ಹೊಂದುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಯಾತ್ರಿಗಳು ತೇಲುವ ದೃಶ್ಯಕ್ಕೆ ಮೂರನೇ ತರಗತಿಯವನೊಬ್ಬ "ಅಲ್ಲಿ ಭೂಮಿ ಎಳೆಯುವುದಿಲ್ಲ" ಎಂದ. ದೊಡ್ಡವರ ವಿಡಿಯೊಗಳೂ ಹಾಗೆಯೇ ಹೇಳಿಬಿಡುತ್ತವೆ. 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ನೆಲದ ಮೇಲಿರುವುದರ ಸುಮಾರು ಶೇಕಡ 90ರಷ್ಟು ಇದ್ದೇ ಇದೆ. ಅವರು ಸದಾ ಬೀಳುತ್ತಲೇ ಇದ್ದಾರೆ, ಆದರೆ ಅಡ್ಡಕ್ಕೆ ಎಷ್ಟು ವೇಗವಾಗಿ ಹೋಗುತ್ತಿದ್ದಾರೆ ಎಂದರೆ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿಯುತ್ತದೆ. ಇದನ್ನು ಹೇಳಲು ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ ಜಗಲಿಯಿಂದ ಬೀಳಿಸಿದೆ. ಬೀಳುವಾಗ ತೂತಿನಿಂದ ನೀರು ಸೋರುವುದಿಲ್ಲ. ಒಂಬತ್ತು ಸಲ ಬೀಳಿಸಬೇಕಾಯಿತು, ಕೊನೆಯ ಆರು ಸಲ ಬರೀ ಖುಷಿಗೆ.

ಚೌಕಟ್ಟು · ಜುಲೈ 24

ದನಿ ಆರಿಸಿ ತೋರಿಸುವ ಉಪಾಯವನ್ನು ನಾನೂ ಎತ್ತಿಕೊಳ್ಳುತ್ತೇನೆ. ಮುಂದಿನ ವಿಡಿಯೊವನ್ನು ಮಾತಿಲ್ಲದೆ ಮೊದಲು ಮಕ್ಕಳಿಗೆ ತೋರಿಸಿ, ಅವರು ಏನು ಹೇಳುತ್ತಾರೋ ಕೇಳಿ, ಆಮೇಲೆ ಚಿತ್ರ ತಿದ್ದುತ್ತೇನೆ. ಸೌತೆಕಾಯಿಯ ಮೂರೂ ವಿಡಿಯೊಗಳನ್ನು ಸದ್ಯಕ್ಕೆ ಜಾಲದಿಂದ ತೆಗೆದಿದ್ದೇನೆ.

ಕಪ್ಪುಹಲಗೆ · ಆಗಸ್ಟ್ 18

ತಡವಾದದ್ದಕ್ಕೆ ಕ್ಷಮಿಸಿ. ಆದದ್ದನ್ನು ಆದಂತೆ ಬರೆಯುತ್ತೇನೆ.

ಮಲಗಿದ ಚಂದ್ರನ ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ. ಬಹುಳ ಸಪ್ತಮಿಯ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರನ್ನೂ ಪಶ್ಚಿಮಕ್ಕೆ ತಿರುಗಿಸಿದೆ. ಮೋಡದ ಸಂದಿಯಲ್ಲಿ ಅರ್ಧಚಂದ್ರ ಇದ್ದ. "ಹಗಲಿನಲ್ಲಿ ಚಂದ್ರ!" ಎಂದು ಗದ್ದಲವೋ ಗದ್ದಲ. ಹಿಂದಿನ ಬೆಂಚಿನ ಹುಡುಗಿಗೆ ಒಂದು ನಿಂಬೆಹಣ್ಣು ಕೊಟ್ಟು, ತೋಳು ಚಾಚಿ ಚಂದ್ರನ ಪಕ್ಕಕ್ಕೆ ಹಿಡಿ ಎಂದೆ. ಪೂರ್ವದ ಬಿಸಿಲು ನಿಂಬೆಹಣ್ಣಿನ ಅರ್ಧಕ್ಕೆ ಬಿದ್ದಿತ್ತು, ಅಲ್ಲಿ ಚಂದ್ರನಿಗೂ ಅದೇ ಅರ್ಧಕ್ಕೆ. ಅವಳು ಒಮ್ಮೆ ಹಣ್ಣು, ಒಮ್ಮೆ ಚಂದ್ರ, ಒಮ್ಮೆ ಸೂರ್ಯ ಎಂದು ಕತ್ತು ತಿರುಗಿಸುತ್ತಲೇ ಇದ್ದಳು. ಆಮೇಲೆ, ಸಂಜೆ ಸೂರ್ಯ ಕೆಳಗಿರುವಾಗ ಬೆಳಕು ಎಲ್ಲಿ ಬೀಳಬೇಕು ಎಂದು ಕೇಳಿದೆ. "ತಳಕ್ಕೆ" ಎಂದಳು. ಹಳೇಗಂಟೆ ಸರ್, ನಿಂಬೆಹಣ್ಣು ನಿಮ್ಮದು.

ಆ ಮೇಲೆ ಚಂದ್ರನ ಹಳೆಯ ವಿಡಿಯೊವನ್ನೇ ಮತ್ತೆ ಹಾಕಿದೆ. ಈ ಸಲ ಮಕ್ಕಳು ಸುಮ್ಮನೆ ಕೂರಲಿಲ್ಲ. ಕ್ಯಾಮೆರಾ ಎಲ್ಲಿದೆ, ಇದು ಯಾವ ಊರಿನ ಚಂದ್ರ ಎಂದು ಕೇಳಿ ಕೇಳಿ ಆ ಒಂದೇ ವಿಡಿಯೊ ಎರಡು ಅವಧಿ ನುಂಗಿತು. ಪಠ್ಯ ಹಿಂದೆ ಬಿದ್ದಿದೆ ಎಂದು ಮುಖ್ಯೋಪಾಧ್ಯಾಯರು ಬೇಸರ ಮಾಡಿಕೊಂಡಿದ್ದಾರೆ, ಅದೂ ನಿಜ.

ಇನ್ನು ಸರಳಿನ ಕಥೆ. ಗಾರೆ ಕೆಲಸ ಮಾಡುವ ತಂದೆಯೊಬ್ಬರು ತಾವೇ ಬಂದು ಗುಂಡು ಇಳಿಬಿಟ್ಟು ಸರಳನ್ನು ನೆಟ್ಟಗೆ ನಿಲ್ಲಿಸಿಕೊಟ್ಟರು. ಆಗಸ್ಟ್ 6ರಂದು ಬಿಸಿಲು ಬಂತು. 12 ಗಂಟೆ 33 ನಿಮಿಷಕ್ಕೆ ನೆರಳು ದಕ್ಷಿಣಕ್ಕೆ ಮೂರು ಸೆಂಟಿಮೀಟರ್ ಚಾಚಿತ್ತು. ಮಕ್ಕಳು ಸುಣ್ಣದಲ್ಲಿ ಗುರುತು ಮಾಡಿದರು. ಅಂದರೆ ಸೂರ್ಯ ಉತ್ತರಕ್ಕಿದ್ದಾನೆ. ವಿಡಿಯೊದಲ್ಲಿ ಹೀಗೆ ಇರಲೇ ಇಲ್ಲ ಎಂದು ಇಬ್ಬರು ನನ್ನನ್ನೇ ತಪ್ಪಿತಸ್ಥಳನ್ನಾಗಿ ಮಾಡಿದರು.

ಹನ್ನೊಂದು, ಹನ್ನೆರಡು, ಹದಿಮೂರು, ಮೂರೂ ದಿನ ಜಿಟಿಜಿಟಿ ಮಳೆ. ಸರಳು ನೆನೆಯುತ್ತ ನಿಂತಿತ್ತು. ನಲವತ್ತೆರಡು ಮಕ್ಕಳು ಕಿಟಕಿಯಲ್ಲಿ. ಬೇರೆ ಊರಿನ ಶೂನ್ಯ ನೆರಳಿನ ವಿಡಿಯೊ ತೋರಿಸಲೇ ಎಂದು ಕೇಳಿದೆ. ಬೇಡ ಎಂದರು.

ನಿನ್ನೆ, 17ರಂದು, ಹನ್ನೆರಡೂವರೆಗೆ ಸ್ವಲ್ಪ ಬಿಸಿಲು ಬಿತ್ತು. ಪಾಠ ಬಿಟ್ಟು ಓಡಿದೆವು. ನೆರಳು ಉತ್ತರಕ್ಕೆ, ಎರಡೂವರೆ ಸೆಂಟಿಮೀಟರ್. ಸರಳಿನ ಒಂದು ಕಡೆ ಹಳೆಯ ಗುರುತು, ಇನ್ನೊಂದು ಕಡೆ ಹೊಸ ಗುರುತು. ಅದೇ ಹುಡುಗಿ ಎರಡು ಗುರುತುಗಳ ನಡುವೆ ಬೆರಳು ಇಟ್ಟು, "ಮಳೆ ಬರುತ್ತಿದ್ದಾಗ ಇಲ್ಲಿಂದ ದಾಟಿ ಹೋಗಿದ್ದಾನೆ" ಎಂದಳು.

ಬೆಳ್ಳಿಚುಕ್ಕಿ · ಆಗಸ್ಟ್ 18

ಮೇಡಂ, ಬೆಂಗಳೂರಿನಲ್ಲಿ ಇವತ್ತೇ ಆ ದಿನ. ಇಲ್ಲಿಯೂ ಮೋಡ. ನಿಮ್ಮ ಊರಿಗೆ ಮುಂದಿನದು ಮೇ 1ರ ಸುಮಾರಿಗೆ, ಆಗ ಆಕಾಶ ಬಹುತೇಕ ತಿಳಿಯಾಗಿರುತ್ತದೆ. ಸರಳನ್ನು ಕೀಳಬೇಡಿ.

ಕಪ್ಪುಹಲಗೆ · ಆಗಸ್ಟ್ 19

ಮೇ 1ಕ್ಕೆ ಬೇಸಿಗೆ ರಜೆ ಇರುತ್ತದೆ ಎಂದು ತರಗತಿಯಲ್ಲಿ ಹೇಳಿದೆ. ಗೇಟಿನ ಕೀಲಿ ಆಗ ಯಾರ ಮನೆಯಲ್ಲಿರುತ್ತದೆ ಎಂದು ಮೂವರು ಈಗಲೇ ಕೇಳಿದ್ದಾರೆ.